ಬರಿಗಾಲಿನ ಆಟಗಾರ, ಮೂರು ಕಿರೀಟಗಳ ಗುರು

ನಮ್ಮ ಕೌಜಲಗಿಯ ಬಯಲಿನಲ್ಲಿ ಸಂಜೆಯ ಹೊತ್ತು ಹುಡುಗರು ಕಾಲ್ಚೆಂಡು ಆಡುವುದನ್ನು ನೋಡುತ್ತ ನಿಲ್ಲುವುದು ನನಗೆ ಎಳೆಯಂದಿನಿಂದ ಬಂದ ಅಭ್ಯಾಸ. ಬೂಟು ತೊಟ್ಟವರು ಇಬ್ಬರೋ ಮೂವರೋ, ಉಳಿದವರದೆಲ್ಲ ಬರಿಗಾಲು. ಮೊನ್ನೆ ಅವರಲ್ಲೊಬ್ಬನು, “ಬರಿಗಾಲಿನಾಗ ಆಡಿ ಯಾರರ ದೊಡ್ಡವರಾಗ್ಯಾರೇನ್ರಿ, ಸರ?” ಎಂದು ಕೇಳಿದ. ಅವನಿಗೆ ನಾನು ಹೇಳಿದುದು ಘಾನಾ ದೇಶದ ಚಾರ್ಲ್ಸ್ ಕುಮಿ ಗ್ಯಾಮ್ಫಿಯವರ ಕಥೆಯನ್ನು.

ಅದಕ್ಕೆ ಮೊದಲು ನಮ್ಮ ಮನೆಯ ಮಾತು ಒಂದಿಷ್ಟು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ತಂಡದ ಬಹುಮಂದಿ ಬರಿಗಾಲಿನಲ್ಲಿಯೇ ಫ್ರಾನ್ಸನ್ನು ಎದುರಿಸಿದರು. ದೊರೆತ ಎರಡು ಪೆನಾಲ್ಟಿಗಳನ್ನೂ ಕಳೆದುಕೊಂಡು 1-2ರಿಂದ ಸೋತರು. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ ನಮ್ಮನ್ನು 10-1ರಿಂದ ಮಣಿಸಿದಾಗ ನಮ್ಮ ಆ ಒಂಟಿ ಗೋಲನ್ನು ಹೊಡೆದವರೂ ಅವರೇ. ಆ ಸೋಲಿನ ತರುವಾಯ ನಮ್ಮಲ್ಲಿ ಬೂಟು ಕಡ್ಡಾಯವಾಯಿತು.

ಈ ಎರಡು ಒಲಿಂಪಿಕ್ಸುಗಳ ನಡುವೆ, 1951ರಲ್ಲಿ, ಮತ್ತೊಂದು ಬರಿಗಾಲಿನ ತಂಡ ಇಂಗ್ಲೆಂಡಿಗೆ ಹೋಗಿತ್ತು. ಅದು ಆಗಿನ್ನೂ ಬ್ರಿಟಿಷರ ಆಳಿಕೆಯಲ್ಲಿದ್ದ ಗೋಲ್ಡ್ ಕೋಸ್ಟಿನ ತಂಡ. 1929ರಲ್ಲಿ ಜನಿಸಿದ ಗ್ಯಾಮ್ಫಿ ಅದರ ಆಟಗಾರರಲ್ಲೊಬ್ಬರು. ಕಾದ ಮಣ್ಣಿನ ಮೇಲೆ ಚುರುಕಾಗಿ ಓಡುವ ಪಾದ ತೇವದ ಹುಲ್ಲಿನ ಮೇಲೆ ಜಾರುತ್ತದೆ. ಕೌಶಲವೊಂದೇ ಸಾಲದು, ಸಾಧನವೂ ಶಿಕ್ಷಣವೂ ಬೇಕೆಂಬುದು ಇಂಥ ಪ್ರವಾಸಗಳ ಪಾಠ.

1957ರಲ್ಲಿ ಗೋಲ್ಡ್ ಕೋಸ್ಟು ಸ್ವತಂತ್ರ ಘಾನಾ ಆಯಿತು. 1960ರಲ್ಲಿ ಗ್ಯಾಮ್ಫಿ ಜರ್ಮನಿಯ ಫೋರ್ಟುನಾ ಡ್ಯುಸೆಲ್‌ಡಾರ್ಫ್ ಕ್ಲಬ್ಬನ್ನು ಸೇರಿ, ಅಲ್ಲಿಯ ಲೀಗಿನಲ್ಲಿ ಆಡಿದ ಮೊದಲ ಆಫ್ರಿಕನ್ ಎನಿಸಿಕೊಂಡರು. ಅಲ್ಲಿಂದ ಮರಳಿದ ಮೇಲೆ ಸ್ವದೇಶದ ತಂಡದ ತರಬೇತಿಯ ಭಾರ ಅವರ ಹೆಗಲೇರಿತು. 1963ರಲ್ಲಿ, ಅಕ್ರಾ ನಗರದಲ್ಲಿ, ಘಾನಾ ಸುಡಾನನ್ನು 3-0ರಿಂದ ಸೋಲಿಸಿ ಆಫ್ರಿಕ ರಾಷ್ಟ್ರಗಳ ಕಪ್ಪನ್ನು ಮೊದಲ ಬಾರಿಗೆ ಗೆದ್ದಿತು. 1965ರಲ್ಲಿ ಟ್ಯುನೀಸಿಯವನ್ನು ಅದರ ನೆಲದಲ್ಲಿಯೇ 3-2ರಿಂದ ಹಿಮ್ಮೆಟ್ಟಿಸಿ ಕಪ್ಪನ್ನು ಉಳಿಸಿಕೊಂಡಿತು.

ಇಂಥ ತಂಡ 1966ರ ವಿಶ್ವ ಕಪ್ಪಿನಲ್ಲಿ ಆಡಲಿಲ್ಲ. ಆಫ್ರಿಕ, ಏಷ್ಯ, ಓಷಿಯಾನಿಯ ಮೂರಕ್ಕೂ ಸೇರಿ ಒಂದೇ ಸ್ಥಾನವನ್ನಿತ್ತ ಅನ್ಯಾಯವನ್ನು ಪ್ರತಿಭಟಿಸಿ ಆಫ್ರಿಕದ ರಾಷ್ಟ್ರಗಳು ಸ್ಪರ್ಧೆಯಿಂದ ಹಿಂದೆ ಸರಿದವು. ಘಾನಾ ಅವುಗಳ ಮುಂಚೂಣಿಯಲ್ಲಿತ್ತು. ಆಟಗಾರನ ಪ್ರಾಯ ಕಾಯುವುದಿಲ್ಲ. ಆ ಪೀಳಿಗೆ ತನ್ನ ಅವಕಾಶವನ್ನು ತೆತ್ತಿತು. ಫಲವನ್ನುಂಡವರು ಬೇರೆಯವರು: 1970ರಲ್ಲಿ ಆಫ್ರಿಕಕ್ಕೆ ಸ್ವಂತದ ಸ್ಥಾನ ದೊರೆತಾಗ ಆಡಿದ್ದು ಮೊರಾಕ್ಕೊ.

ಗ್ಯಾಮ್ಫಿಯವರ ಕೆಲಸ ಅಲ್ಲಿಗೆ ಮುಗಿಯಲಿಲ್ಲ. 1982ರಲ್ಲಿ, ಮೊದಲ ಗೆಲುವಿನ 19 ವರ್ಷಗಳ ತರುವಾಯ, ಅವರ ತಂಡ ಟ್ರಿಪೊಲಿಯಲ್ಲಿ ಆತಿಥೇಯ ಲಿಬಿಯದೊಡನೆ 1-1ರಿಂದ ಸಮಬಲ ಸಾಧಿಸಿ, ಪೆನಾಲ್ಟಿಗಳಲ್ಲಿ 7-6ರಿಂದ ಗೆದ್ದಿತು. ಮುಂದೆ ಜಗತ್ಪ್ರಸಿದ್ಧನಾದ ಅಬೆದಿ ಪೆಲೆ ಅಂದು ಆ ತಂಡದ 17 ವರ್ಷದ ಹುಡುಗ. ತರಬೇತುದಾರರಾಗಿ ಮೂರು ಸಲ ಆ ಕಪ್ಪನ್ನು ಗೆದ್ದ ಗ್ಯಾಮ್ಫಿಯವರ ದಾಖಲೆಯನ್ನು 2010ರಲ್ಲಿ ಈಜಿಪ್ಟಿನ ಹಸನ್ ಶೆಹಾತಾ ಸರಿಗಟ್ಟಿದರು. ಗ್ಯಾಮ್ಫಿ 2015ರಲ್ಲಿ ಕಣ್ಮುಚ್ಚಿದರು.

ಕಥೆಯನ್ನು ಕೇಳಿದ ಹುಡುಗ ಕೊಂಚ ಯೋಚಿಸಿ, “ಹಂಗಾದ್ರ ಕಲಿಸಾವ್ರು ಬೇಕು, ಸರ” ಎಂದ. ಬೂಟು ಬೇಕೆಂದಾನೆಂದು ನಾನು ಎಣಿಸಿದ್ದೆ. ಅವನ ಮಾತೇ ಸರಿ. ಬೂಟನ್ನು ಅಂಗಡಿಯಿಂದ ತರಬಹುದು. ಗುರುವನ್ನು ಊರೇ ಬೆಳೆಸಿಕೊಳ್ಳಬೇಕು.