ಕೋಳಿ ಫೀಡಿಗೆ ಅರಿಶಿನ ಬಂದ ದಾರಿ

ಸವದತ್ತಿ ಸೀಮೆಯ ಹೂಲಿಯಂಥ ಊರಲ್ಲಿ ಜವಾರಿ ಕೋಳಿಗೆ ಯಾರೂ ಫೀಡ್ ತೂಗಿ ಹಾಕುವುದಿಲ್ಲ. ಬೆಳಗಾಗುತ್ತಲೇ ಬುಟ್ಟಿ ಎತ್ತಿದರೆ ಸಾಕು, ಅದು ತಿಪ್ಪೆ ಕೆದರುತ್ತದೆ, ಉದುರಿದ ಜೋಳ ಹೆಕ್ಕುತ್ತದೆ, ಗೆದ್ದಲು ಸಿಕ್ಕರೆ ಬಿಡುವುದಿಲ್ಲ, ಬೇಲಿ ಬುಡದ ಹಸಿ ಸೊಪ್ಪಿಗೂ ಕೊಕ್ಕು ಹಾಕುತ್ತದೆ. ಅದರಲ್ಲಿ ನೆಲನೆಲ್ಲಿ ಇರಬಹುದು, ಗಣಿಕೆ ಇರಬಹುದು, ಗರಗ ಇರಬಹುದು. ಯಾವುದು ಎಷ್ಟು ತಿಂದಿತೆಂದು ಲೆಕ್ಕ ಇಟ್ಟವರಿಲ್ಲ.

ಫಾರಂ ಕೋಳಿಗೆ ಆ ಆಯ್ಕೆ ಇಲ್ಲ. ಆರು ವಾರದೊಳಗೆ ಎರಡು ಕಿಲೋ ದಾಟುವಂತೆ ತಳಿ ಮಾಡಿದ ಹಕ್ಕಿ ಅದು. ಮೂಟೆಯಲ್ಲಿ ಬಂದದ್ದೇ ಅದರ ಜಗತ್ತು: ಗೋವಿನಜೋಳ, ಸೋಯಾ ಹಿಂಡಿ, ಎಣ್ಣೆ, ಖನಿಜ, ವಿಟಮಿನ್. ಈಗ ಆ ಮೂಟೆಯೊಳಗೆ ಬೆಳ್ಳುಳ್ಳಿ, ಅರಿಶಿನ, ಮೆಂತ್ಯ, ನೆಲನೆಲ್ಲಿ, ನುಗ್ಗೆ ಸೊಪ್ಪಿನ ಪುಡಿಗಳೂ ಸೇರುತ್ತಿವೆ. ರಕ್ತದ ಕೊಬ್ಬು ಇಳಿಯುತ್ತದೆ, ಲಿವರ್ ಗಟ್ಟಿಯಾಗುತ್ತದೆ ಎಂಬ ಭರವಸೆಯೂ ಜೊತೆಗೇ ಬರುತ್ತದೆ.

ಗಿಡಮೂಲಿಕೆಯಿಂದ ಪ್ರಾಣಿಗಳಿಗೆ ಮದ್ದು ಮಾಡುವುದು ಈ ನೆಲಕ್ಕೆ ಹೊಸದಲ್ಲ. ಹೂಲಿಯ ಪಂಚಲಿಂಗೇಶ್ವರ ಗುಡಿ ಕಲ್ಯಾಣದ ಚಾಲುಕ್ಯರ ಕಾಲದ್ದು. ಅದೇ ಚಾಲುಕ್ಯರ ಆಳ್ವಿಕೆಯಲ್ಲಿ, 1025ರ ಸುಮಾರಿಗೆ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಬೇಸಾಯ, ಅಡುಗೆ, ನೀರು ಹುಡುಕುವ ವಿದ್ಯೆಯ ಜೊತೆಗೆ ಪಶುವೈದ್ಯವೂ ಇದೆ. ಆದರೆ ಅದು ಕಾಯಿಲೆ ಬಿದ್ದ ಪ್ರಾಣಿಗೆ ಕೊಡುವ ಮದ್ದು. ಆರೋಗ್ಯವಾಗಿರುವ ಸಾವಿರಾರು ಹಕ್ಕಿಗಳಿಗೆ ದಿನವೂ ಆಹಾರದಲ್ಲೇ ಬೆರೆಸಿ ಹಾಕುವುದು, ಹಾಕಿದ ಮೇಲೆ ರಕ್ತ ತೆಗೆದು ಕೊಲೆಸ್ಟರಾಲ್ ಅಳೆಯುವುದು, ಇದು ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದ ಪದ್ಧತಿ.

ಅದಕ್ಕೆ ಬೀಜ ಬಿದ್ದದ್ದು ಮನುಷ್ಯನ ಹೃದಯದ ಚಿಂತೆಯಿಂದ. 1968ರಲ್ಲಿ ಅಮೆರಿಕದ ಹೃದಯ ಸಂಘ, ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೊಲೆಸ್ಟರಾಲ್ ಬೇಡ, ವಾರಕ್ಕೆ ಮೂರು ಮೊಟ್ಟೆ ಸಾಕು ಎಂದು ಹೇಳಿತು. ಒಂದು ದೊಡ್ಡ ಮೊಟ್ಟೆಯ ಹಳದಿಯಲ್ಲೇ ಸುಮಾರು 185 ಮಿಲಿಗ್ರಾಂ ಇರುತ್ತದೆ. ಮೊಟ್ಟೆ ಉದ್ಯಮಕ್ಕೆ ದೊಡ್ಡ ಪೆಟ್ಟು ಬಿತ್ತು. ಕೋಳಿಯ ಮೈಯಲ್ಲೇ ಕೊಲೆಸ್ಟರಾಲ್ ಇಳಿಸಬಹುದೇ ಎಂಬ ಪ್ರಶ್ನೆ ಎದ್ದದ್ದು ಆ ಹೊತ್ತಿನಲ್ಲಿ. 2015ರ ಹೊತ್ತಿಗೆ ಅಮೆರಿಕದ ಆಹಾರ ಮಾರ್ಗಸೂಚಿಯೇ ಆ 300ರ ಮಿತಿಯನ್ನು ಕೈಬಿಟ್ಟಿತು. ಪ್ರಶ್ನೆ ಮಾತ್ರ ಪ್ರಯೋಗಶಾಲೆಗಳಲ್ಲಿ ಉಳಿದುಕೊಂಡಿತು.

ಈ ಕಥೆಯಲ್ಲಿ ನಮ್ಮ ಮೈಸೂರಿಗೆ ದೊಡ್ಡ ಪಾಲಿದೆ, ಅದನ್ನು ನಾವು ಹೇಳಿಕೊಳ್ಳುವುದು ಕಡಿಮೆ. ಚೆಲುವಾಂಬಾ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಸುಬ್ಬರಾವ್, ಚಂದ್ರಶೇಖರ, ಸತ್ಯನಾರಾಯಣ, ಶ್ರೀನಿವಾಸನ್ ಅವರ ತಂಡ ಇಲಿಗಳಿಗೆ ಕೊಲೆಸ್ಟರಾಲ್ ಬೆರೆಸಿದ ಆಹಾರದ ಜೊತೆ ಅರಿಶಿನದ ಹಳದಿ ಸತ್ವವಾದ ಕರ್ಕ್ಯುಮಿನ್ ತಿನ್ನಿಸಿ ನೋಡಿತು. 1970ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹೀಗಿತ್ತು: ಕರ್ಕ್ಯುಮಿನ್ ತಿಂದ ಇಲಿಗಳ ರಕ್ತ ಮತ್ತು ಯಕೃತ್ತಿನ ಕೊಲೆಸ್ಟರಾಲ್, ತಿನ್ನದ ಇಲಿಗಳದ್ದರ ಅರ್ಧದಿಂದ ಮೂರನೇ ಒಂದು ಭಾಗದಷ್ಟಕ್ಕೆ ಇಳಿದಿತ್ತು. ಎಲ್ಲಿ ಹೋಯಿತು ಆ ಕೊಲೆಸ್ಟರಾಲ್? ಮಲದಲ್ಲಿ ಪಿತ್ತಾಮ್ಲವೂ ಕೊಲೆಸ್ಟರಾಲೂ ಹೆಚ್ಚಿದ್ದವು. ಎಂದರೆ ದೇಹ ಅದನ್ನು ಪಿತ್ತದ ದಾರಿಯಲ್ಲಿ ಹೊರಹಾಕಿತ್ತು. ಇಳಿದದ್ದನ್ನು ಅಳೆದು ಸುಮ್ಮನಾಗದೆ ಅದು ಹೋದ ದಾರಿಯನ್ನೂ ಹುಡುಕಿದ ಈ ಕೆಲಸದ ಬಗ್ಗೆ ನನಗೆ ಬಹಳ ಗೌರವವಿದೆ. ಮೆಂತ್ಯದಲ್ಲಿರುವ ಸಪೋನಿನ್ ಮತ್ತು ನಾರು ಕೂಡ ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದುಕೊಂಡು ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತವೆ.

ಇಲಿಯಿಂದ ಕೋಳಿಗೆ ಬಂದಾಗ ಲೆಕ್ಕ ಬದಲಾಗುತ್ತದೆ. ಇಲಿಯಲ್ಲಿ ಕೊಬ್ಬಿನ ಅಂಗಾಂಶವೂ ಕೊಬ್ಬು ತಯಾರಿಸುತ್ತದೆ. ಕೋಳಿಯಲ್ಲಿ ಆ ಕೆಲಸ ಬಹುತೇಕ ಯಕೃತ್ತಿನದೇ. ತಿಂದ ಗೋವಿನಜೋಳದ ಪಿಷ್ಟ ಅಲ್ಲಿ ಕೊಬ್ಬಾಗುತ್ತದೆ, ವಿಎಲ್‌ಡಿಎಲ್ ಎಂಬ ಸಣ್ಣ ಕಣಗಳಾಗಿ ಕಟ್ಟಿಕೊಂಡು ರಕ್ತಕ್ಕೆ ಇಳಿಯುತ್ತದೆ, ಅಲ್ಲಿಂದ ಹೊಟ್ಟೆಯಡಿಗೋ ಮೊಟ್ಟೆಗೋ ಸಾಗುತ್ತದೆ. ಮೊಟ್ಟೆಯಿಡಲು ಶುರುವಾದ ಕೋಳಿಯ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಇನ್ನೂ ಮೊಟ್ಟೆಯಿಡದ ಕೋಳಿಯದ್ದಕ್ಕಿಂತ ಹತ್ತು ಪಟ್ಟು ಏರುವುದೂ ಉಂಟು. ಮನುಷ್ಯನಲ್ಲಿ ಇಷ್ಟು ಕಂಡರೆ ವೈದ್ಯರು ಗಾಬರಿಯಾಗುತ್ತಾರೆ. ಕೋಳಿಗೆ ಅದು ಸಹಜ. ಪ್ರತಿ ಹಳದಿಗೂ ಸುಮಾರು ಐದು ಗ್ರಾಂ ಕೊಬ್ಬನ್ನು ಯಕೃತ್ತಿನಿಂದ ಅಂಡಾಶಯಕ್ಕೆ ಸಾಗಿಸುವ ಹೊಣೆ ಆ ರಕ್ತದ್ದು.

ಬೆಳ್ಳುಳ್ಳಿ ಈ ಕಾರ್ಖಾನೆಯ ಒಳಗೇ ಕೈ ಹಾಕುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕುರೇಶಿ ಮತ್ತು ಸಂಗಡಿಗರು 1983ರಲ್ಲಿ, ಕೊಲೆಸ್ಟರಾಲ್ ತಯಾರಿಕೆಯ ಮುಖ್ಯ ಕಿಣ್ವವನ್ನು ಬೆಳ್ಳುಳ್ಳಿ ಕೋಳಿಯ ಯಕೃತ್ತಿನಲ್ಲೇ ತಗ್ಗಿಸುತ್ತದೆಂದು ತೋರಿಸಿದರು. ಇಂದು ಮನುಷ್ಯರು ನುಂಗುವ ಸ್ಟ್ಯಾಟಿನ್ ಮಾತ್ರೆಗಳ ಗುರಿಯೂ ಅದೇ ಕಿಣ್ವ. 1997ರಲ್ಲಿ ಜಾರ್ಜಿಯಾದಲ್ಲಿ ಕೊಂಜುಫ್ಕಾ ತಂಡ ಬ್ರಾಯ್ಲರ್‌ಗಳಿಗೆ ಬೆಳ್ಳುಳ್ಳಿ ಪುಡಿ ಬೆರೆಸಿ, ರಕ್ತದಲ್ಲಷ್ಟೇ ಅಲ್ಲದೆ ಮಾಂಸದಲ್ಲೂ ಕೊಲೆಸ್ಟರಾಲ್ ಇಳಿದದ್ದನ್ನು ಕಂಡಿತು. ಆದರೆ ಪ್ರಮಾಣ ನೋಡಿ: ನೂರು ಕಿಲೋ ಫೀಡಿಗೆ ಮೂರು ಕಿಲೋ ಒಣಪುಡಿ. ಒಂದು ಬ್ರಾಯ್ಲರ್ ಜೀವಮಾನದಲ್ಲಿ ಮೂರೂವರೆ ಕಿಲೋ ಫೀಡ್ ತಿಂದರೆ, ಪ್ರತಿ ಹಕ್ಕಿಗೆ ನೂರು ಗ್ರಾಂ ಬೆಳ್ಳುಳ್ಳಿ ಪುಡಿ ಬೇಕಾಯಿತು. ಹಸಿ ಬೆಳ್ಳುಳ್ಳಿಯಲ್ಲಿ ಅದರ ಮೂರು ಪಟ್ಟಿನಷ್ಟು. ಕಿಲೋಗೆ ಇಷ್ಟೆಂದು ಸಾಕಣೆ ಕೂಲಿ ಪಡೆಯುವ ಕರಾರು ರೈತನ ಬ್ಯಾಚಿಗೆ ಇದು ಹೊಂದುವ ಲೆಕ್ಕವಲ್ಲ. ಮೂಟೆಯ ಮೇಲೆ ಬೆಳ್ಳುಳ್ಳಿಯ ಚಿತ್ರ ಇದ್ದರೆ, ಒಳಗೆ ಎಷ್ಟು ಗ್ರಾಂ ಎಂದು ಕೇಳಲೇಬೇಕು.

ಹಾಗಾದರೆ ಮೂಲಿಕೆಗಳು ಇಷ್ಟು ವೇಗವಾಗಿ ಮಾರುಕಟ್ಟೆ ಹಿಡಿದದ್ದು ಹೇಗೆ? ಜಾಗ ಬಿಟ್ಟುಕೊಟ್ಟದ್ದು ಆ್ಯಂಟಿಬಯಾಟಿಕ್. ಎಲ್ಲಾಪ್ರಗಡ ಸುಬ್ಬಾರಾವ್ ಸಂಶೋಧನೆಯ ಮುಖ್ಯಸ್ಥರಾಗಿದ್ದ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ 1948ರಲ್ಲಿ ಆರಿಯೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಹೊರಬಂತು. ಅದರ ತಯಾರಿಕೆಯಲ್ಲಿ ಉಳಿದ ಗಸಿಯನ್ನು ಅಲ್ಲಿಯ ಜೂಕ್ಸ್ ಮತ್ತು ಸ್ಟೋಕ್‌ಸ್ಟಾಡ್ ಮರಿಗಳಿಗೆ ತಿನ್ನಿಸಿದಾಗ ಅವು ಬೇಗ ಬೆಳೆದವು. ಅಲ್ಲಿಂದ ದಶಕಗಳ ಕಾಲ ಜಗತ್ತಿನಾದ್ಯಂತ ಕೋಳಿ ಫೀಡಿಗೆ ಆ್ಯಂಟಿಬಯಾಟಿಕ್ ಬಿತ್ತು. ಔಷಧಕ್ಕೆ ಬಗ್ಗದ ರೋಗಾಣುಗಳ ಭಯದಿಂದ 1986ರಲ್ಲಿ ಸ್ವೀಡನ್, 2006ರ ಜನವರಿ 1ರಿಂದ ಇಡೀ ಐರೋಪ್ಯ ಒಕ್ಕೂಟ ಬೆಳವಣಿಗೆಗಾಗಿ ಅದನ್ನು ಕೊಡುವುದನ್ನು ನಿಲ್ಲಿಸಿದವು. ಭಾರತ 2019ರ ಜುಲೈನಲ್ಲಿ, ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಬಳಕೆಯನ್ನು ನಿಷೇಧಿಸಿತು. ಖಾಲಿಯಾದ ಜಾಗಕ್ಕೆ ಮೂಲಿಕೆ ಬಂದು ಕೂತಿತು. ನಮ್ಮಲ್ಲಿ ಅದಕ್ಕೆ ದಾರಿ ಮೊದಲೇ ಸಿದ್ಧವಿತ್ತು. 1955ರಲ್ಲಿ ಮನುಷ್ಯರಿಗಾಗಿ ಬಂದ, ಗಣಿಕೆ, ಚಿಕೋರಿಯಂಥ ಗಿಡಗಳನ್ನು ಸೇರಿಸಿದ ಲಿವ್ 52 ಎಂಬ ಲಿವರ್ ಔಷಧ ಮುಂದೆ ದನ, ಕೋಳಿಗಳಿಗೂ ಬಂದಿತ್ತು. ಲಿವರ್ ಟಾನಿಕ್ ಎಂಬ ಮಾತು ಕೋಳಿ ಸಾಕುವವರ ಬಾಯಲ್ಲಿ ಬೇರೂರಿತ್ತು.

ಇಲ್ಲಿಗೆ ಬಂದಾಗ ನಾನು ಒಂದು ಮಾತನ್ನು ಒತ್ತಿ ಹೇಳಬೇಕು. ರೆಕ್ಕೆಯಡಿಯ ರಕ್ತನಾಳದಿಂದ ಒಂದೆರಡು ಮಿ.ಲೀ. ರಕ್ತ ತೆಗೆದು ಕೊಲೆಸ್ಟರಾಲ್ ಅಳೆಯುವುದು ಸುಲಭ, ಅಗ್ಗ. ಅದಕ್ಕೇ ಮೂಲಿಕೆಯ ಪ್ರಯೋಗಗಳಲ್ಲಿ ಆ ಅಂಕಿ ಮತ್ತೆ ಮತ್ತೆ ಕಾಣುತ್ತದೆ, ಇಳಿದರೆ ಗೆಲುವು ಎಂದು ಬರೆಯಲಾಗುತ್ತದೆ. ಆದರೆ ಕೋಳಿಯ ರಕ್ತದಲ್ಲಿ ಕೊಬ್ಬು ಇಳಿಯಲು ಒಳ್ಳೆಯ ಕಾರಣವೂ ಇದೆ, ಕೆಟ್ಟ ಕಾರಣವೂ ಇದೆ. ಕೋಲಿನ್ ಎಂಬ ಪೋಷಕಾಂಶ ಕಡಿಮೆಯಾದರೆ ವಿಎಲ್‌ಡಿಎಲ್ ಕಣ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಕೊಬ್ಬು ಯಕೃತ್ತಿನಲ್ಲೇ ಸಿಕ್ಕಿಕೊಳ್ಳುತ್ತದೆ. ಬಾಗಿಲು ಮುಚ್ಚಿದ ಉಗ್ರಾಣದ ಹಾಗೆ, ಹೊರಗೆ ಖಾಲಿ, ಒಳಗೆ ತುಂಬಿ ತುಳುಕು. ಪಂಜರದ ಲೇಯರ್ ಕೋಳಿಗಳಲ್ಲಿ ಹೆಚ್ಚು ಶಕ್ತಿಯ ಆಹಾರ, ಕಡಿಮೆ ಓಡಾಟ ಸೇರಿ ಬರುವ ಕೊಬ್ಬಿದ ಯಕೃತ್ತಿನ ರಕ್ತಸ್ರಾವ ಕಾಯಿಲೆಗೆ ಆ ಹೆಸರು ಬಿದ್ದದ್ದು 1972ರಲ್ಲಿ. ಚೆನ್ನಾಗಿ ಮೊಟ್ಟೆಯಿಡುತ್ತಿದ್ದ ಕೋಳಿ ಒಮ್ಮೆಲೇ ಸತ್ತು ಬಿದ್ದಿರುತ್ತದೆ, ಜುಟ್ಟು ಬಿಳಿಚಿರುತ್ತದೆ. ಕೊಯ್ದು ನೋಡಿದರೆ ಹೊಟ್ಟೆಯಲ್ಲಿ ಹೆಪ್ಪುಗಟ್ಟಿದ ರಕ್ತ. ಹಳದಿಗೆ ತಿರುಗಿದ ಯಕೃತ್ತು ಹೆಬ್ಬೆರಳಿಂದ ಒತ್ತಿದರೆ ಹಿಟ್ಟಿನಂತೆ ಒಡೆಯುತ್ತದೆ.

ಇನ್ನೊಂದು ಕೆಟ್ಟ ಕಾರಣ ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಅಪರಾಧಿಯಾಗಿ ಸಿಕ್ಕಿದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ. ಅದರೊಳಗಿನ ವಿಷವೇ ಅಫ್ಲಾಟಾಕ್ಸಿನ್. ಈ ವಿಷ ಯಕೃತ್ತನ್ನು ಕೆಡಿಸಿದಾಗ ಅಲ್ಲಿ ಕೊಲೆಸ್ಟರಾಲ್, ಪ್ರೋಟೀನ್ ತಯಾರಿಕೆಯೇ ಕುಂಠಿತವಾಗಿ ರಕ್ತದ ಅಂಕಿ ಕುಸಿಯುತ್ತದೆ. ಆಗ ಒಳ್ಳೆಯ ಮೂಲಿಕೆ ಮಾಡಬೇಕಾದ್ದು ಕುಸಿದ ಕೊಲೆಸ್ಟರಾಲನ್ನು ಮತ್ತೆ ಮೇಲೆತ್ತುವ ಕೆಲಸ. ಒಂದೇ ಅರಿಶಿನ, ಮೈಸೂರಿನ ಇಲಿಗಳಲ್ಲಿ ಅಂಕಿ ಇಳಿದರೆ ಅದರ ಗೆಲುವು, ವಿಷ ತಿಂದ ಕೋಳಿಯಲ್ಲಿ ಅಂಕಿ ಏರಿದರೆ ಅದರ ಗೆಲುವು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯ ವಿಜ್ಞಾನಿ ಎನ್.ಕೆ.ಎಸ್. ಗೌಡ ಅವರು ಮಿಸೌರಿ ವಿಶ್ವವಿದ್ಯಾಲಯದವರ ಜೊತೆ ಸೇರಿ ಅಫ್ಲಾಟಾಕ್ಸಿನ್ ತಿಂದ ಬ್ರಾಯ್ಲರ್ ಮರಿಗಳ ಮೇಲೆ ಅರಿಶಿನದ ಪುಡಿಯನ್ನೂ ವಿಷ ಹೀರುವ ಒಂದು ಬಗೆಯ ಜೇಡಿಯನ್ನೂ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಅರಿಶಿನ ಹಾನಿಯನ್ನು ತಗ್ಗಿಸಿತು.

ಬೂಷ್ಟಿನ ಈ ಸಮಸ್ಯೆ ಹೂಲಿ ಸೀಮೆಯವರಿಗೆ ದೂರದ ಮಾತಲ್ಲ. ನವಿಲುತೀರ್ಥದ ಅಣೆಕಟ್ಟೆಯಿಂದ ಮಲಪ್ರಭೆಯ ನೀರು ಕಾಲುವೆಗೆ ಹರಿದ ಮೇಲೆ ಗೋವಿನಜೋಳ ಇಲ್ಲಿಯ ಹೊಲಗಳಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಕೋಳಿ ಫೀಡಿನ ಅರ್ಧಕ್ಕೂ ಹೆಚ್ಚು ಪಾಲು ಈ ಕಾಳೇ. ಸುಗ್ಗಿಯ ಹೊತ್ತಿಗೆ ಹಿಂಗಾರು ಮಳೆ ಹಿಡಿದುಕೊಂಡರೆ ರಸ್ತೆ ಮೇಲೆ ಹರಡಿದ ಕಾಳು ಒಣಗುವುದೇ ಇಲ್ಲ. ತೇವ ಶೇಕಡಾ 13–14ಕ್ಕಿಂತ ಕೆಳಗಿಳಿಯದ ಕಾಳನ್ನು ಚೀಲಕ್ಕೆ ತುಂಬಿದರೆ ಬೂಷ್ಟಿಗೆ ಅಷ್ಟೇ ಸಾಕು. ಅರಿಶಿನವೂ ದೂರದ್ದಲ್ಲ, ಇದೇ ಜಿಲ್ಲೆಯ ರಾಯಬಾಗ, ಅಥಣಿ ಕಡೆ ಬೆಳೆದು ಸಾಂಗ್ಲಿ ಪೇಟೆಗೆ ಹೋಗುತ್ತದೆ. ಆದರೂ ಕಾಳು ಒಣಗಿಸಲು ಒಂದು ಕಣ, ತೇವ ಅಳೆಯಲು ಒಂದು ಸಣ್ಣ ಯಂತ್ರ, ಇವೆರಡಕ್ಕೆ ಹಾಕಿದ ಹಣ ಯಾವ ಮೂಲಿಕೆ ಮೂಟೆಗಿಂತ ಮೊದಲು ಫಲ ಕೊಡುತ್ತದೆ ಎಂಬುದು ನನ್ನ ನಂಬಿಕೆ.

ಮೊಟ್ಟೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮರಿ ಬೆಳೆಯಲು ಕೊಲೆಸ್ಟರಾಲ್ ಬೇಕೇ ಬೇಕು, ಹಾಗಾಗಿ ಕೋಳಿ ತನ್ನ ರಕ್ತದಲ್ಲಿ ಏನೇ ಏರುಪೇರಾದರೂ ಹಳದಿಗೆ ಸೇರುವ ಪಾಲನ್ನು ಬಲವಾಗಿ ಕಾಯ್ದುಕೊಳ್ಳುತ್ತದೆ. ರಕ್ತದಲ್ಲಿ ಕಂಡ ಇಳಿಕೆ ಅಷ್ಟೇ ಪ್ರಮಾಣದಲ್ಲಿ ಮೊಟ್ಟೆಯಲ್ಲಿ ಕಾಣುವುದಿಲ್ಲ. ಮೂಲಿಕೆ ತಿನ್ನಿಸಿದ್ದರಿಂದ ಕೊಲೆಸ್ಟರಾಲ್ ಕಡಿಮೆಯಾಯಿತೆಂದು ಹೇಳಿ ಹೆಚ್ಚು ಬೆಲೆಗೆ ಮೊಟ್ಟೆ ಮಾರುವವರು ರಕ್ತದ ಪರೀಕ್ಷೆಯ ಹಾಳೆ ತೋರಿಸಿದರೆ ಸಾಲದು, ಹಳದಿಯ ಪರೀಕ್ಷೆ ತೋರಿಸಬೇಕು. ಲಿವರ್ ಗಟ್ಟಿಯಾಯಿತು ಎನ್ನುವವರು ಕೊಯ್ದ ಹಕ್ಕಿಗಳ ಯಕೃತ್ತಿನ ತೂಕ, ಬಣ್ಣ, ಅದರೊಳಗಿನ ಕೊಬ್ಬಿನ ಪ್ರಮಾಣವನ್ನು ರಕ್ತದ ಅಂಕಿಯ ಪಕ್ಕದಲ್ಲೇ ಬರೆದು ಕೊಡಬೇಕು.