ಕೋರ್ಟ್ ಬಿಟ್ಟರೂ ಕ್ಯಾಂಟೀನ್ ಬಿಡದು

ತಳಿ: ತಳಿ, ಡೆಂಕಣಿಕೋಟೆ, ಕೆಲಮಂಗಲ ಸುತ್ತಿನ ಕನ್ನಡ ಮನೆಗಳಲ್ಲಿ ಕಂಪನಿ ಕೆಲಸಕ್ಕೆ ಹೋಗುವ ಮಕ್ಕಳು ಈಗ ಹೊಸ ಸಂಗತಿಯಲ್ಲ. ಕೆಲವರಿಗೆ ಹೊಸೂರಿನ ಸಿಪ್‌ಕಾಟ್, ಕೆಲವರಿಗೆ ಗಡಿಯಾಚೆಯ ಜಿಗಣಿ, ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ. ಒಂದೇ ಊರಿನವರು ಒಂದೇ ಬಸ್ಸಿನಲ್ಲಿ ಹೋಗಿ ಬರುವುದರಿಂದ ಬೆಳಗ್ಗೆ ಶಾಪ್‌ಫ್ಲೋರಿನಲ್ಲಿ ಆಡಿದ ಮಾತು ರಾತ್ರಿಯೊಳಗೆ ಊರ ಜಗಲಿಗೆ ಬಂದಿರುತ್ತದೆ.

ಇದೇ ಕೆಲವರ ಪಾಲಿಗೆ ದೊಡ್ಡ ಅಂಜಿಕೆ. ಗಂಡನ್ನೇ ಇಷ್ಟಪಡುವ ಗಂಡು, ಹೆಣ್ಣನ್ನೇ ಇಷ್ಟಪಡುವ ಹೆಣ್ಣು, ಇಬ್ಬರ ಮೇಲೂ ಒಲವಿರುವವರು ಎಲ್ಲ ಊರುಗಳಲ್ಲೂ ಇದ್ದಾರೆ, ಎಲ್ಲ ಕಂಪನಿಗಳಲ್ಲೂ ಇದ್ದಾರೆ. ‘ಏನಪ್ಪಾ, ಮದ್ವೆ ಊಟ ಯಾವಾಗ?’ ಎಂದು ಕ್ಯಾಂಟೀನಿನಲ್ಲಿ ಕೇಳಿದರೆ ಉಳಿದವರು ನಕ್ಕು ಏನಾದರೂ ಹೇಳಿ ಜಾರಿಕೊಳ್ಳಬಹುದು. ಇವರು ಮಾತ್ರ ಪ್ರತಿ ಸಲವೂ ಒಂದು ಸುಳ್ಳು ಹೊಸೆಯಬೇಕು, ಹೇಳಿದ ಸುಳ್ಳನ್ನು ನೆನಪಿಟ್ಟುಕೊಳ್ಳಲೂಬೇಕು.

ಕಾನೂನಿನ ಭಯ ಈಗಿಲ್ಲ. ಇಬ್ಬರು ವಯಸ್ಕರು ಒಪ್ಪಿ ಕೂಡಿದರೂ ಜೀವಾವಧಿಯವರೆಗೆ ಶಿಕ್ಷೆಗೆ ಅವಕಾಶವಿದ್ದ ಐಪಿಸಿ 377ನೇ ಕಲಮನ್ನು ದೆಹಲಿ ಹೈಕೋರ್ಟ್ 2009ರಲ್ಲಿ ಸಡಿಲಿಸಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ‘ಇದು ಅಪರಾಧವಲ್ಲ’ ಎಂದು ಸಾರಿತು. ಆದರೆ ಅಪರಾಧ ಅಲ್ಲ ಅಂದಮಾತ್ರಕ್ಕೆ ಕೆಲಸಕ್ಕೆ ರಕ್ಷಣೆ ಸಿಕ್ಕಿತು ಅಂತಲ್ಲ. ಇಂಥ ಒಲವಿದೆ ಎಂಬ ಕಾರಣಕ್ಕೆ ಖಾಸಗಿ ಕಂಪನಿ ಯಾರನ್ನೂ ತೆಗೆಯಬಾರದು ಎನ್ನುವ ನೇರ ಕಾಯ್ದೆ ದೇಶದಲ್ಲಿಲ್ಲ. 2019ರ ಕಾಯ್ದೆ ಇರುವುದು ಮಂಗಳಮುಖಿಯರಂಥ ಲಿಂಗತ್ವ ಅಲ್ಪಸಂಖ್ಯಾತರಿಗೆ. ಜನ ಎರಡನ್ನೂ ಒಂದೇ ಅಂದುಕೊಳ್ಳುವುದುಂಟು, ಕಾನೂನು ಹಾಗೆ ಅಂದುಕೊಂಡಿಲ್ಲ.

ಸರ್ಕಾರಿ ಕೆಲಸದವರಿಗೆ ಕೊಂಚ ಬಲ ಇದೆ. ಉತ್ತರ ಪ್ರದೇಶದ ಬುಲಂದ್‌ಶಹರ್ ಕಡೆಯ ಹೋಂಗಾರ್ಡ್ ಒಬ್ಬರು ಸಂಗಾತಿಯ ಜತೆಗಿದ್ದ ವಿಡಿಯೊ ಹರಿದಾಡಿತೆಂದು 2019ರಲ್ಲಿ ಅವರನ್ನು ಕೆಲಸದಿಂದ ತೆಗೆಯಲಾಗಿತ್ತು. ಅಲಹಾಬಾದ್ ಹೈಕೋರ್ಟ್ 2021ರ ಫೆಬ್ರುವರಿಯಲ್ಲಿ ಆ ಆದೇಶ ರದ್ದು ಮಾಡಿ ಮರಳಿ ಸೇರಿಸಿಕೊಳ್ಳಲು ಹೇಳಿತು. ಖಾಸಗಿ ಕಂಪನಿಯಲ್ಲಿ ಇರುವವರಿಗೆ ಕಂಪನಿಯೇ ಮಾಡಿಕೊಂಡ ನಿಯಮವೇ ಆಸರೆ.

ಯಾರು ಏನು ಮಾಡಿದ್ದಾರೆ?

ನಮ್ಮ ಪಕ್ಕದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೇಂದ್ರ ಕಚೇರಿ ಇರುವ ಇನ್ಫೋಸಿಸ್‌ನಲ್ಲಿ ‘ಇಗ್ಲು’ ಎಂಬ ನೌಕರರ ಬಳಗ 2018ರ ತೀರ್ಪಿಗೂ ಮುಂಚೆಯೇ ಹುಟ್ಟಿಕೊಂಡಿತ್ತು. ಟಾಟಾ ಸ್ಟೀಲ್ 2019ರ ಡಿಸೆಂಬರ್‌ನಲ್ಲಿ, ನೌಕರರು ತಮ್ಮ ಸಂಗಾತಿಯ ಹೆಸರು ಬರೆಸಿದರೆ ಗಂಡ-ಹೆಂಡತಿಗೆ ಸಿಗುವ ಸವಲತ್ತು ಅವರಿಗೂ ಸಿಗುವಂತೆ ಮಾಡಿತು. ಕುಲುಮೆಯ ಮುಂದೆ ದುಡಿಯುವವರ ಕಂಪನಿ ಇದನ್ನು ಮಾಡಿತೆಂಬುದು ಗಮನಿಸಬೇಕಾದ ಮಾತು. ಇದು ಕಂಪ್ಯೂಟರ್ ಮಂದಿಯ ಶೋಕಿ ಎಂದು ತಳ್ಳಿಹಾಕುವವರಿಗೆ ಅದೇ ಉತ್ತರ. ಆಕ್ಸಿಸ್ ಬ್ಯಾಂಕ್ 2021ರ ಸೆಪ್ಟೆಂಬರ್‌ನಲ್ಲಿ ನೌಕರರ ಮೆಡಿಕ್ಲೈಮ್‌ಗೆ ಸಂಗಾತಿಯನ್ನು, ಅವರು ಗಂಡಾಗಲಿ ಹೆಣ್ಣಾಗಲಿ, ಸೇರಿಸಲು ಅವಕಾಶ ಕೊಟ್ಟಿತು.

ಕನ್ನಡದ ಓದುಗರಿಗೆ ವಸುಧೇಂದ್ರ ಗೊತ್ತಿರುವ ಹೆಸರು. ಸಂಡೂರಿನ ಅವರು ಎರಡು ದಶಕ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದವರು. 2013ರಲ್ಲಿ ‘ಮೋಹನಸ್ವಾಮಿ’ ಕಥಾ ಸಂಕಲನ ತಂದು, ತಾವೂ ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡರು. ಆಗ ಅವರ ವಯಸ್ಸು ನಲವತ್ತು ದಾಟಿತ್ತು. ಅಷ್ಟು ಓದು, ಅಷ್ಟು ಸಂಬಳ, ಅಷ್ಟು ಹೆಸರು ಇದ್ದವರಿಗೇ ಅಷ್ಟು ವರ್ಷ ಬೇಕಾಯಿತೆಂದರೆ, ಕಾಂಟ್ರಾಕ್ಟ್ ಮೇಲೆ ಶಿಫ್ಟಿಗೆ ನಿಲ್ಲುವ ಹುಡುಗನ ಪಾಡು ಊಹಿಸಿಕೊಳ್ಳಬಹುದು.

ಇಎಸ್‌ಐ, ಪಿಎಫ್ ತೊಡಕು

ಸವಲತ್ತಿನಲ್ಲೂ ಮೇಲು ಕೆಳಗು ಇದೆ. ಗ್ರೂಪ್ ಮೆಡಿಕ್ಲೈಮ್ ಇರುವ ಕಂಪನಿ ಮನಸ್ಸು ಮಾಡಿದರೆ, ವಿಮೆಯವರ ಜತೆ ಮಾತಾಡಿ ಸಂಗಾತಿಯನ್ನು ಸೇರಿಸಬಹುದು. ಕಡಿಮೆ ಸಂಬಳದ ಕಾರ್ಮಿಕರಿಗೆ ಇರುವುದು ಇಎಸ್‌ಐ. ಅಲ್ಲಿ ‘ಕುಟುಂಬ’ ಎಂದರೆ ಯಾರ‍್ಯಾರು ಎಂಬುದನ್ನು ಕಾನೂನೇ ಬರೆದಿಟ್ಟಿದೆ. ಮ್ಯಾನೇಜರ್ ಎಷ್ಟೇ ಒಳ್ಳೆಯವರಾದರೂ ತಿದ್ದಲಾರರು. ಪಿಎಫ್ ನಾಮಿನಿಯೂ ಅಷ್ಟೇ, ಕುಟುಂಬ ಇದ್ದವರು ಕುಟುಂಬದವರನ್ನೇ ಬರೆಸಬೇಕು. ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ನಿರಾಕರಿಸಿದ ಮೇಲೆ ಈ ಗಂಟು ಹಾಗೇ ಉಳಿದಿದೆ. ಒಂದಿಷ್ಟು ಸಡಿಲವಾದದ್ದು ಬ್ಯಾಂಕಿನಲ್ಲಿ. ಇಂಥ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ.

ಹಾಗಂತ ಸಣ್ಣ ಕಾರ್ಖಾನೆ ಕೈಕಟ್ಟಿ ಕೂರಬೇಕಿಲ್ಲ. ಕಾಸು ಖರ್ಚಿಲ್ಲದ ಕೆಲಸಗಳೇ ಹೆಚ್ಚು. ಲೈನಿನಲ್ಲಿ ಒಬ್ಬನ ನಡಿಗೆ, ದನಿ ಹಿಡಿದು ಗೇಲಿ ಮಾಡುವಾಗ ಸೂಪರ್‌ವೈಸರ್ ತಾನೂ ನಗದೆ ‘ಸಾಕು ಬಿಡ್ರಪ್ಪಾ’ ಅಂದರೆ ಅರ್ಧ ಕೆಲಸ ಆದಂತೆ. ದೂರು ಯಾರಿಗೆ ಕೊಡಬೇಕೆಂದು ನೋಟಿಸ್ ಬೋರ್ಡಿನಲ್ಲಿ ಬರೆದಿರಬೇಕು. ಅವಸರಕ್ಕೆ ಫೋನ್ ಮಾಡಬೇಕಾದವರ ಹೆಸರಿನ ಜಾಗದಲ್ಲಿ ಸ್ನೇಹಿತರ ಹೆಸರು ಬರೆದರೂ ತಕರಾರು ತೆಗೆಯಬಾರದು. ಎಲ್ಲಕ್ಕಿಂತ ಮುಖ್ಯ, ನಂಬಿ ಹೇಳಿದ ಮಾತು ಎಚ್‌ಆರ್ ಕೋಣೆ ದಾಟಬಾರದು. ‘ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ’ ಎಂದು ಹೆತ್ತವರಿಗೆ ಫೋನ್ ಮಾಡುವುದು ಉಪಕಾರವಲ್ಲ. ಆ ಒಂದು ಫೋನಿಗೆ ಹುಡುಗಿಯ ಕೆಲಸ ಬಿಡಿಸಿ, ಅವಸರದಲ್ಲಿ ಗಂಡು ಹುಡುಕುವ ಮನೆಗಳಿವೆ.

ಹಾಗೆ ಮಾಡಲು ಹೊರಟವರಿಗೆ ಮದ್ರಾಸ್ ಹೈಕೋರ್ಟಿನ ಮಾತು ಗೊತ್ತಿರಬೇಕು. ಮನೆಯವರ ವಿರೋಧಕ್ಕೆ ಅಂಜಿ ಮದುರೆಯಿಂದ ಚೆನ್ನೈಗೆ ಬಂದ ಇಬ್ಬರು ಯುವತಿಯರು ರಕ್ಷಣೆ ಕೇಳಿದ್ದರು. ಅವರಿಗೆ ಓದು, ಕೆಲಸ ಮುಂದುವರಿಸುವ ಆಸೆ. ಹೆತ್ತವರು ಕಾಣೆಯಾಗಿದ್ದಾರೆಂದು ದೂರು ಕೊಟ್ಟಿದ್ದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಈ ವಿಷಯ ತಮಗೇ ಸರಿಯಾಗಿ ತಿಳಿದಿಲ್ಲ ಎಂದು ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞರ ಮುಂದೆ ಕೂತು ತಿಳಿದುಕೊಂಡು ಆದೇಶ ಬರೆದರು. 2021ರ ಜೂನ್ 7ರ ಆ ಆದೇಶದಂತೆ, ಒಪ್ಪಿ ಜತೆಗಿರುವ ವಯಸ್ಕರೆಂದು ಗೊತ್ತಾದರೆ ಪೊಲೀಸರು ಹೇಳಿಕೆ ಪಡೆದು ದೂರು ಮುಗಿಸಬೇಕು, ಕಿರುಕುಳ ಕೊಡುವಂತಿಲ್ಲ. ಒಲವನ್ನು ‘ಸರಿಮಾಡುವ’ ಚಿಕಿತ್ಸೆಯೂ ಕೂಡದು. 2022ರಲ್ಲಿ ತಮಿಳುನಾಡು ಸರ್ಕಾರ ಪೊಲೀಸರ ನಡತೆ ನಿಯಮಕ್ಕೇ ಇದನ್ನು ಸೇರಿಸಿತು. ಮದುವೆಯೊಂದೇ ಕುಟುಂಬ ಕಟ್ಟುವ ದಾರಿಯಲ್ಲ ಎಂದು ಅದೇ ಹೈಕೋರ್ಟ್ 2025ರ ಮೇ ತಿಂಗಳಲ್ಲಿ, ಮನೆಯವರು ಕೂಡಿಹಾಕಿದ್ದ ಯುವತಿಯೊಬ್ಬಳ ಪ್ರಕರಣದಲ್ಲಿ ಹೇಳಿದೆ.

ಮನಸ್ಸಿಗೆ ತಡೆಯಲಾರದಷ್ಟು ಕಷ್ಟವಾದಾಗ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡುತ್ತಾರೆ. ಕಾನೂನು ನೆರವಿಗೆ 15100.