ಬೇಲಿಗೂ ಮೊದಲಿನ ಗೆರೆ

ಶಿಕಾರಿಪುರ, ಸೊರಬದ ಕಡೆ ಹಿತ್ತಲಿಗೆ ಬೇಲಿ ಹಾಕಿಸುವ ಮಾತು ಏಳುವುದು ಶಿವರಾತ್ರಿಯ ಆಸುಪಾಸಿನಲ್ಲಿ. ಗದ್ದೆ ಕೊಯ್ಲು ಮುಗಿದು ದನಗಳಿಗೆ ಹೇಳುವವರು ಕೇಳುವವರು ಇರುವುದಿಲ್ಲ. ಬಸಳೆ ಚಪ್ಪರ ಒಂದೇ ರಾತ್ರಿಗೆ ಬೋಳಾಗುತ್ತದೆ. ಅಡಿಕೆಯದೋ ಜೋಳದ್ದೋ ದುಡ್ಡು ಕೈಯಲ್ಲಿ ಅಷ್ಟಿಷ್ಟು ಓಡಾಡುತ್ತಿರುತ್ತದೆ. ಕಲ್ಲುಕಂಬ ಎಷ್ಟು, ಮುಳ್ಳುತಂತಿ ಎಷ್ಟು ಸುತ್ತು ಎಂದು ಮಗ ಲೆಕ್ಕ ಹಾಕಿ ಕೂತಿರುವಾಗ ಜಗಲಿಯ ಮೇಲಿನ ಹಿರಿಯರು ಒಂದೇ ಮಾತು ಕೇಳುತ್ತಾರೆ: ‘ಹದ್ದುಬಸ್ತು ಮಾಡ್ಸಿಯೇನೋ ತಮ್ಮ?’

ಆ ಒಂದು ಮಾತಿನ ಹಿಂದೆ ಇರುವ ಕಸುಬಿಗೆ ನಾವು ಕೊಡಬೇಕಾದಷ್ಟು ಮರ್ಯಾದೆ ಕೊಟ್ಟಿಲ್ಲ ಎಂಬುದು ನನ್ನ ತಕರಾರು. ಕಂಬ ನೆಡುವವನ ಕೆಲಸ ಕಣ್ಣಿಗೆ ಕಾಣುತ್ತದೆ. ಕಂಬ ಎಲ್ಲಿ ನಿಲ್ಲಬೇಕು ಎಂದು ಹಳೆಯ ಕಾಗದದಿಂದ ನೆಲಕ್ಕೆ ಗೆರೆ ಇಳಿಸುವವನ ಕೆಲಸ ಕಾಣುವುದಿಲ್ಲ. ಭೂಮಾಪಕ ಎಂದರೆ ಕಚೇರಿ, ಅಲೆದಾಟ, ತಡ ಎಂಬ ನೆನಪುಗಳೇ ಮೊದಲು ಬರುತ್ತವೆ. ಅವನ್ನು ಪಕ್ಕಕ್ಕಿಟ್ಟು ಆ ಮನುಷ್ಯ ಹೊಲದಲ್ಲಿ ನಿಂತು ಏನು ಮಾಡುತ್ತಾನೆ ಎಂದು ಒಮ್ಮೆ ನೋಡೋಣ.

ಅದಕ್ಕೂ ಮುನ್ನ ಸ್ವಲ್ಪ ಹಿನ್ನೆಲೆ. ಅಕ್ಕಮಹಾದೇವಿಯ ಊರಾದ ಉಡುತಡಿಯ ಈ ಸೀಮೆಗೆ ನೆಲ ಅಳೆಯುವುದು ಹೊಸ ವಿದ್ಯೆಯಲ್ಲ. ಹತ್ತಿರದ ಬಳ್ಳಿಗಾವಿ ಚಾಲುಕ್ಯರ ಕಾಲದಲ್ಲಿ ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿತ್ತು. ಅಲ್ಲಿ 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಕಂಬ ಇಂದಿಗೂ ನಿಂತಿದೆ. ದತ್ತಿ ಬಿಟ್ಟ ಭೂಮಿಯನ್ನು ಅಳೆಯುವ ‘ಭೇರುಂಡ ಗಳೆ’ಯ ಹೆಸರು ಆ ಊರಿನ ಶಾಸನಗಳಲ್ಲಿ ಬರುತ್ತದೆ. ಗಳೆ ಎಂದರೆ ಅಳತೆಯ ಕೋಲು. ದಾನಶಾಸನಗಳು ದಾನದ ಪ್ರಮಾಣ ಹೇಳಿ ಸುಮ್ಮನಾಗುವುದಿಲ್ಲ. ಮೂಡಲಿಗೆ ಇಂಥ ಕೆರೆ, ತೆಂಕಲಿಗೆ ಇಂಥ ಹುಣಸೆ, ಪಡುವಲಿಗೆ ನಟ್ಟ ಕಲ್ಲು ಎಂಬಂತೆ ನಾಲ್ಕೂ ದಿಕ್ಕು ಸುತ್ತಿಸಿ ನಮ್ಮನ್ನು ಹೊರಟಲ್ಲಿಗೇ ತಂದು ಬಿಡುತ್ತವೆ. ಗಡಿಗೆ ನೆಟ್ಟ ಕಲ್ಲಿನ ಮೇಲೆ ಶೈವ ದತ್ತಿಗೆ ಲಿಂಗ, ವೈಷ್ಣವ ದತ್ತಿಗೆ ವಾಮನ, ಜೈನ ಬಸದಿಯದಾದರೆ ಮುಕ್ಕೊಡೆ ಕೆತ್ತುವ ರೂಢಿಯಿತ್ತು. ಅದೇ ಚಾಲುಕ್ಯ ವಂಶದ ಅರಸು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಮಿತಾಕ್ಷರ ಎಂಬ ಧರ್ಮಶಾಸ್ತ್ರ ಗ್ರಂಥದಲ್ಲಿ ಸೀಮಾವಿವಾದಕ್ಕೇ ಒಂದು ಪ್ರಕರಣವಿದೆ. ಅದಕ್ಕೂ ಹಿಂದಿನ ಮನುಸ್ಮೃತಿಯ ಎಂಟನೆಯ ಅಧ್ಯಾಯ, ಗಡಿಯ ಅಡಿಯಲ್ಲಿ ಇದ್ದಿಲು, ಬೂದಿ, ಹೊಟ್ಟು, ಮೂಳೆ, ಮಡಕೆಚೂರು ಹೂತಿಡಿ ಎನ್ನುತ್ತದೆ. ಮೇಲಿನ ಕಲ್ಲನ್ನು ಕದಿಯುವವನಿಗೆ ಕೆಳಗಿನ ಇದ್ದಿಲಿನ ಸುಳಿವಿರುವುದಿಲ್ಲ ಎಂಬ ಲೆಕ್ಕಾಚಾರ. ನೆರೆಯವನ ಸ್ವಭಾವ ಆಗಲೂ ಹೀಗೇ ಇತ್ತು ಎಂದಾಯಿತು.

ಇವತ್ತು ನಮ್ಮ ಕೈಯಲ್ಲಿರುವ ದಾಖಲೆಯ ಬೇರು ಬ್ರಿಟಿಷರ ಕಾಲದ್ದು. ಮುಂಬಯಿ ಪದ್ಧತಿಯನ್ನು ಅನುಸರಿಸಿ ಮೈಸೂರು ಸಂಸ್ಥಾನದ ಕಂದಾಯ ಸರ್ವೆ 1863ರಲ್ಲಿ ಶುರುವಾಯಿತು. ಆ ಪದ್ಧತಿಯ ಸರಪಳಿ 33 ಅಡಿ ಉದ್ದದ್ದು. ಅದನ್ನು ರೂಪಾಯಿಯಂತೆ 16 ಆಣೆಯಾಗಿ ಭಾಗ ಮಾಡಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಎಕರೆ. ಸೈಟು ಕೊಳ್ಳುವಾಗ ಈ 1,089 ಎಂಬ ವಿಚಿತ್ರ ಅಂಕಿ ಎಲ್ಲಿಂದ ಬಂತೆಂದು ತಲೆ ಕೆರೆದುಕೊಂಡವರಿಗೆ ಉತ್ತರ ಆ ಕಬ್ಬಿಣದ ಸರಪಳಿಯಲ್ಲಿದೆ.

ಈ ಅಳತೆಗಳನ್ನು ಬರೆದಿಟ್ಟ ಹಾಳೆಯೇ ಟಿಪ್ಪಣಿ. ಮೊದಲ ಸಲ ನೋಡಿದವರಿಗೆ ಅದು ಮಕ್ಕಳು ಗೀಚಿದ ಚಿತ್ರದಂತೆ ಕಂಡೀತು. ಹೊಲದ ಆಕಾರ ಸುಮಾರಾಗಿ ಇರುತ್ತದೆ, ಅಳತೆಗೆ ತಕ್ಕ ಪ್ರಮಾಣ ಇರುವುದಿಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ನಡುವೆ ಹಾದ ಗೆರೆ ಆಧಾರರೇಖೆ. ಅದರ ಉದ್ದಕ್ಕೂ ಅಲ್ಲಲ್ಲಿ ಅಂಕಿ, ಆ ಅಂಕಿಯ ಜಾಗದಿಂದ ಎಡಕ್ಕೋ ಬಲಕ್ಕೋ ಹೊರಟ ಲಂಬರೇಖೆ, ಅದರ ತುದಿಗೆ ಇನ್ನೊಂದು ಅಂಕಿ. ಇಷ್ಟೇ. ಆದರೆ ಹೊಲದ ಪ್ರತಿ ತಿರುವೂ, ಪ್ರತಿ ಕಲ್ಲೂ ಆ ಎರಡು ಅಂಕಿಗಳಲ್ಲಿ ಸಿಕ್ಕಿಬೀಳುತ್ತದೆ. ಆಧಾರರೇಖೆಯ ಮೇಲೆ ಇಷ್ಟು ದೂರ ನಡೆ, ಅಲ್ಲಿಂದ ನೇರ ಬಲಕ್ಕೆ ಇಷ್ಟು ನಡೆ, ಕಾಲ ಕೆಳಗೆ ಕಲ್ಲಿರಬೇಕು. ಹೊಲವನ್ನು ತ್ರಿಕೋನ, ಚತುಷ್ಕೋನಗಳಾಗಿ ಒಡೆದು ಕ್ಷೇತ್ರ ಲೆಕ್ಕ ಹಾಕಿದ್ದು ಪಕ್ಕಾ ಪುಸ್ತಕದಲ್ಲಿರುತ್ತದೆ. ಅದರ ಮೊತ್ತ, ಕಂದಾಯ, ಸಾಗುವಳಿಗೆ ಬಾರದ ಖರಾಬು ಎಲ್ಲವೂ ಆಕಾರಬಂದಿನಲ್ಲಿ. ಕಂಪ್ಯೂಟರಿರಲಿ, ಒಳ್ಳೆಯ ರಸ್ತೆಯೂ ಇಲ್ಲದ ಕಾಲದಲ್ಲಿ ಕಾಡು, ಕೆಸರು, ಮಳೆ ದಾಟಿ ಊರೂರಿನ ಹೊಲಗಳನ್ನು ಹೀಗೆ ಕಾಗದಕ್ಕಿಳಿಸಿದವರ ಶ್ರಮ ದೊಡ್ಡದು. ಅವರ ಹೆಸರು ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಹದ್ದುಬಸ್ತು ಎಂದರೆ ಅವರ ಕೆಲಸವನ್ನು ಹಿಂದುಮುಂದಾಗಿ ಮಾಡುವುದು. ಅವರು ನೆಲ ನೋಡಿ ಕಾಗದ ಬರೆದರು. ಇವರು ಕಾಗದ ನೋಡಿ ನೆಲದಲ್ಲಿ ಗುರುತು ಹಾಕಬೇಕು. ನಾಡಕಚೇರಿಯಲ್ಲಿ ಪಹಣಿಯೊಂದಿಗೆ ಅರ್ಜಿ, ಶುಲ್ಕ. ಅರ್ಜಿ ಸರ್ವೆ ಇಲಾಖೆಯ ಮೋಜಿಣಿ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಸರದಿಗೆ ನಿಲ್ಲುತ್ತದೆ. ಸರ್ಕಾರಿ ಭೂಮಾಪಕರೋ ಪರವಾನಗಿ ಪಡೆದ ಭೂಮಾಪಕರೋ ದಿನ ಗೊತ್ತು ಮಾಡಿ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಡುತ್ತಾರೆ. ಪೊದೆ ಸವರಿಸುವುದು, ಆಳು ಒದಗಿಸುವುದು, ನೆಡಲು ಕಲ್ಲು ತಂದಿಡುವುದು ನಮ್ಮ ಪಾಲಿನ ಕೆಲಸ.

ಬಂದವರು ನೇರ ನಿಮ್ಮ ಬೇಲಿಯ ಹತ್ತಿರ ಹೋಗದೆ ದೂರದ ಎಲ್ಲೋ ಒಂದು ಮೂಲೆಗೆ ಹೋದರೆ ಆ ಮನುಷ್ಯನಿಗೆ ಕೆಲಸ ಗೊತ್ತಿದೆ ಎಂದು ತಿಳಿಯಿರಿ. ಅವರು ಹುಡುಕುತ್ತಿರುವುದು ಗಡಿ ಗುರುತಿಗೆ ನೆಟ್ಟ ಬಾಂದು ಕಲ್ಲು, ಅದೂ ಯಾರೂ ತಕರಾರು ತೆಗೆಯದ ಎರಡು ಬಾಂದು ಕಲ್ಲು. ಮೂರು ಹೊಲ ಅಥವಾ ಮೂರು ಊರು ಕೂಡುವ ಮೂಲೆಯ ಕಲ್ಲಾದರೆ ಇನ್ನೂ ಮೇಲು. ಮೂವರ ಒಪ್ಪಿಗೆಯಿಲ್ಲದೆ ಅದು ಅಲ್ಲಾಡಿರುವ ಸಂಭವ ಕಡಿಮೆ. ಎರಡು ಕಲ್ಲು ಸಿಕ್ಕರೆ ನಡುವಿನ ದೂರ ಅಳೆದು ಟಿಪ್ಪಣಿಯ ಅಂಕಿಗೆ ತಾಳೆ ನೋಡುತ್ತಾರೆ. ತಾಳೆಯಾದರೆ ಅರ್ಧ ಕೆಲಸ ಆದಂತೆ. ಆಗದಿದ್ದರೆ ಪಕ್ಕದ ಸರ್ವೆ ನಂಬರಿನ ಟಿಪ್ಪಣಿ, ಅದರಾಚೆಯದು, ಗ್ರಾಮ ನಕಾಶೆ ಎಲ್ಲವೂ ಹೊರಬರುತ್ತವೆ.

ಆಧಾರರೇಖೆ ಸಿಕ್ಕ ಮೇಲೆ ಕೆಂಪು-ಬಿಳಿ ಬಣ್ಣದ ಕೋಲುಗಳನ್ನು ಒಂದರ ಹಿಂದೆ ಒಂದು ಮರೆಯಾಗುವಂತೆ ನಿಲ್ಲಿಸಿ ಸರಪಳಿಯನ್ನೋ ಟೇಪನ್ನೋ ಎಳೆಯುತ್ತಾರೆ. ಇಳಿಜಾರಿನಲ್ಲಿ ನೆಲಕ್ಕೆ ಅಂಟಿಸಿ ಎಳೆದರೆ ಲೆಕ್ಕ ಕೆಡುತ್ತದೆ, ಏಕೆಂದರೆ ದಾಖಲೆಯ ಕ್ಷೇತ್ರ ಸಮತಟ್ಟಿನ ಲೆಕ್ಕದ್ದು. ಸೊರಬದ ಕಡೆಯ ದಿಣ್ಣೆಗಳಲ್ಲಿ ಅದನ್ನು ಮಟ್ಟವಾಗಿ ಎತ್ತಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಹಳೆಯ ಸರಪಳಿಗೆ ಇನ್ನೊಂದು ದೋಷವಿತ್ತು. ಎಳೆದೆಳೆದು ಕೊಂಡಿಗಳು ಬಾಯಿಬಿಟ್ಟು ಸರಪಳಿಯೇ ಉದ್ದವಾಗುತ್ತಿತ್ತು. ಆಗಾಗ ಸರಿಯಳತೆಗೆ ಹೋಲಿಸಿ ನೋಡದಿದ್ದರೆ ಕಾಗದದಲ್ಲಿ ಎಲ್ಲರ ಹೊಲವೂ ಒಂದಿಷ್ಟು ಸಣ್ಣದಾಗಿ ಬಿಡುತ್ತಿತ್ತು. ಲಂಬ ಹಿಡಿಯಲು ಕ್ರಾಸ್‌ಸ್ಟಾಫ್ ಎಂಬ ಸರಳ ಉಪಕರಣ: ಕೋಲಿನ ತಲೆಯ ಮೇಲೆ ಒಂದಕ್ಕೊಂದು ನೇರ ಅಡ್ಡವಾಗಿರುವ ಎರಡು ಜೊತೆ ಸೀಳುಗಂಡಿ. ಒಂದು ಗಂಡಿಯಲ್ಲಿ ಆಧಾರರೇಖೆಯ ಕೋಲು ಕಂಡರೆ, ಇನ್ನೊಂದರಲ್ಲಿ ಕಾಣುವುದೇ ಲಂಬದ ದಿಕ್ಕು. ಅದೂ ಇಲ್ಲದಿದ್ದರೆ ಹಗ್ಗ ಸಾಕು; ಮೂರು, ನಾಲ್ಕು, ಐದರ ಅಳತೆಯಲ್ಲಿ ತ್ರಿಕೋನ ಎಳೆದರೆ ಮೂಲೆಮಟ್ಟ ತಾನಾಗಿ ಬರುತ್ತದೆ. ಮನೆಗೆ ಪಾಯ ಹಾಕುವ ಗಾರೆ ಕೆಲಸದವರು ಇಂದಿಗೂ ಮಾಡುವುದು ಇದನ್ನೇ.

ಇನ್ನು ಸೂಕ್ಷ್ಮದ ವಿಷಯ. ಟಿಪ್ಪಣಿಯಲ್ಲಿ 2 ಸರಪಳಿ 6 ಆಣೆ ಎಂದಿದ್ದರೆ 78 ಅಡಿ ನಾಲ್ಕೂವರೆ ಇಂಚು. ಒಂದು ಆಣೆ ಎಂದರೆ 2 ಅಡಿ ಮುಕ್ಕಾಲು ಇಂಚು. ಆಣೆಗೆ ಸರಿಹೊಂದಿಸಿ ಬರೆದ ಅಂಕಿಯಲ್ಲಿ ಒಂದಡಿ ಆಚೀಚೆ ಆಗಿದ್ದರೆ ಅಚ್ಚರಿಯಿಲ್ಲ. ನಾವು ಜಗಳ ತೆಗೆಯುವುದೋ ಒಂದು ಗೇಣಿಗೆ! ಹೊಲದ ಕಂದಾಯ ಕಟ್ಟಲು ಹುಟ್ಟಿದ ಅಳತೆಯಿಂದ ತೆಂಗಿನ ಗಿಡದ ಬುಡ ಯಾರದ್ದು ಎಂದು ಕೇಳುತ್ತಿದ್ದೇವೆ. ನುರಿತ ಭೂಮಾಪಕರು ಇದನ್ನು ಬಲ್ಲರು. ಅಂಕಿ ಹೇಳಿದ ಜಾಗದಲ್ಲಿ ಸುಮ್ಮನೆ ಗೂಟ ಹೊಡೆಯದೆ ಸುತ್ತ ನಾಲ್ಕು ಹೆಜ್ಜೆ ನೆಲ ಕೆದಕಿಸುತ್ತಾರೆ. ಹೂತ ಕಲ್ಲು, ಹಳೆಯ ಅಗಳಿನ ತಗ್ಗು, ಸಾಲಾಗಿ ನಿಂತ ಮುದಿ ಕಳ್ಳಿ ಏನಾದರೂ ಸಿಕ್ಕರೆ ಅಂಕಿಗಿಂತ ಅದರ ಮಾತಿಗೆ ಬೆಲೆ ಕೊಡುತ್ತಾರೆ. ಈಗ ಉಪಗ್ರಹದ ಸಂಕೇತ ಹಿಡಿಯುವ ರೋವರ್ ಬಂದಿದೆ, ಬೆರಳಗಲದ ಲೆಕ್ಕದಲ್ಲಿ ಜಾಗ ಹೇಳುತ್ತದೆ. ಅಡಿಕೆ ತೋಟದ ದಟ್ಟ ನೆರಳಿನಲ್ಲಿ ಅದು ತಡವರಿಸುತ್ತದೆ ಎನ್ನುವುದು ಹಾಗಿರಲಿ. ಹಳೆಯ ಟಿಪ್ಪಣಿಯಲ್ಲಿ ಅಕ್ಷಾಂಶ ರೇಖಾಂಶ ಇಲ್ಲ. ರೋವರಿಗೂ ಮೊದಲು ಬೇಕಾಗುವುದು ಅದೇ ಹಳೆಯ ಎರಡು ಕಲ್ಲು.

ಗೆರೆ ಸಿಕ್ಕಿತು, ಕಲ್ಲು ನೆಟ್ಟಾಯಿತು, ಹಾಜರಿದ್ದವರ ಸಹಿ ಹಾಕಿಸಿ ನಕ್ಷೆ ಕೊಟ್ಟಾಯಿತು. ಇಲ್ಲಿಗೆ ಅವರ ಅಧಿಕಾರ ಮುಗಿಯುತ್ತದೆ. ಆಚೆಯವರು ಒತ್ತಿದ್ದಾರೆ ಎಂದು ತೋರಿಸಬಲ್ಲರು, ಬಿಡಿಸಿಕೊಡಲಾರರು. ಅಳತೆ ಒಪ್ಪದವರು ಇಲಾಖೆಯ ಮೇಲಿನವರ ಬಳಿಗೆ, ಹಕ್ಕನ್ನೇ ಒಪ್ಪದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ‘ಬ’ ಖರಾಬಿಗೆ ಮಾತ್ರ ಯಾರ ಬೇಲಿಯೂ ಹಬ್ಬುವಂತಿಲ್ಲ.

ಮನೆಯ ಹಿತ್ತಲು ಬಹಳ ಸಲ ಗ್ರಾಮಠಾಣದೊಳಗೆ ಇರುತ್ತದೆ. ಅಲ್ಲಿ ಟಿಪ್ಪಣಿಯ ಆಟ ನಡೆಯುವುದಿಲ್ಲ. ಸರ್ವೆಯವರು ಊರಿನ ಹೊರಗೆರೆ ಎಳೆದರೇ ವಿನಾ ಒಳಗಿನ ಮನೆ ಮನೆಯನ್ನು ಅಳೆದಿರಲಿಲ್ಲ. 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆ ಡ್ರೋನ್ ಹಾರಿಸಿ ಆ ಕೊರತೆ ತುಂಬಲು ಹೊರಟಿದೆ. ಅದು ಕೈಗೆ ಬರುವ ತನಕ ಕ್ರಯಪತ್ರದ ಚೆಕ್ಕುಬಂದಿ, ಪಂಚಾಯಿತಿಯ ಇ-ಸ್ವತ್ತು ನಮೂನೆಯ ಉದ್ದಗಲ ಇವೇ ಆಧಾರ. ಉಳಿದದ್ದೆಲ್ಲ ನೆರೆಯವರ ಒಪ್ಪಿಗೆ. ಅಮೆರಿಕಕ್ಕೆ ಹೋದ ನಮ್ಮವರು ಹಿತ್ತಲ ಬೇಲಿಯ ಎತ್ತರಕ್ಕೂ ನಗರಾಡಳಿತದ ಮಿತಿಯಿದೆ, ಅದನ್ನು ಮೀರಬೇಕಾದರೆ ವಿನಾಯಿತಿಗೆ ಅರ್ಜಿ ಹಾಕಿ, ನೆರೆಯವರಿಗೆ ನೋಟಿಸ್ ಹೋಗಿ, ಸಭೆಯಲ್ಲಿ ಕಾರಣ ಹೇಳಬೇಕು ಎಂದು ಫೋನಿನಲ್ಲಿ ಗೋಳಾಡುತ್ತಾರೆ. ಇಲ್ಲಿ ಅದೇ ವಿಚಾರಣೆ ಚಹಾದ ಲೋಟ ಹಿಡಿದು ಹಿತ್ತಲಲ್ಲೇ ನಡೆಯುತ್ತದೆ.

ಹಾಗೆ ನಡೆಸುವುದಕ್ಕೂ ಕ್ರಮವಿದೆ. ಎರಡು ಗೂಟಕ್ಕೆ ಹಗ್ಗ ಕಟ್ಟಿ, ಹಗ್ಗದ ಗುಂಟ ಸುಣ್ಣದ ಪುಡಿ ಉದುರಿಸಿ ಒಂದೆರಡು ವಾರ ಬಿಡುವುದು ಜಾಣತನ. ಆಚೆಮನೆಯವರು ದಿನಾ ಓಡಾಡಿ ನೋಡಲಿ. ನೆರೆಮನೆಯ ಸೂರಿನ ನೀರು ಬೀಳುವ ಜಾಗವನ್ನು ಬೇಲಿಯೊಳಕ್ಕೆ ಎಳೆದುಕೊಂಡರೆ ಮೊದಲ ಮಳೆಗೇ ಜಗಳ ಶುರು. ಬಾವಿಗೋ ಗದ್ದೆಗೋ ಹೋಗುವ ಕಾಲುದಾರಿ ಇದ್ದರೆ ಇನ್ನಷ್ಟು ಎಚ್ಚರ ಬೇಕು. 20 ವರ್ಷ ಅಡ್ಡಿಯಿಲ್ಲದೆ ಹಕ್ಕಿನಿಂದ ನಡೆದ ದಾರಿಯನ್ನು 1882ರ ಈಸ್‌ಮೆಂಟ್ ಕಾಯ್ದೆ ಕಾಪಾಡುತ್ತದೆ. ಅಲ್ಲಿ ಬೇಲಿಗೆ ಉಣುಗೋಲು ಇಡುವುದು ನಮ್ಮ ಹಿರಿಯರ ಪರಿಹಾರ. ತೂತು ಕೊರೆದ ಎರಡು ಕಂಬ, ನಡುವೆ ಸರಿಸುವ ಬಿದಿರಿನ ಗಳ. ಮನುಷ್ಯ ಸರಿಸಿ ದಾಟುತ್ತಾನೆ, ದನ ನಿಲ್ಲುತ್ತದೆ.

ಬೇಲಿಯ ಬಗೆಗೆ ನನ್ನ ಆಯ್ಕೆ ಕೇಳಿದರೆ ತಂತಿಗಿಂತ ಹಸಿರು ಬೇಲಿ. ಗೊಬ್ಬರದ ಗಿಡದ ಆಳುದ್ದದ ಗೂಟಗಳನ್ನು ಮುಂಗಾರಿನ ಮೊದಲ ಹದಕ್ಕೆ ನೆಟ್ಟರೆ ಚಿಗುರುತ್ತವೆ, ಸವರಿದ ಸೊಪ್ಪು ತೋಟಕ್ಕಾಗುತ್ತದೆ. ಲಕ್ಕಿ, ಆಡುಸೋಗೆಗೆ ಆಡು ಬಾಯಿ ಹಾಕುವುದಿಲ್ಲ. ಕಳ್ಳಿಯ ಹಾಲು ಕಣ್ಣಿಗೆ ಕೆಟ್ಟದ್ದು, ಮಕ್ಕಳಿರುವ ಮನೆಗೆ ಬೇಡ. ಮಂಗನಿಗೆ ಇದಾವುದೂ ಲೆಕ್ಕಕ್ಕಿಲ್ಲ. ಗಿಡ ಅಗಲಕ್ಕೆ ಬೆಳೆಯುತ್ತದೆ, ಹಾಗಾಗಿ ಗೆರೆಯ ಮೇಲೆ ನೆಡದೆ ಒಂದೂವರೆ ಎರಡಡಿ ನಮ್ಮ ಕಡೆಗೆ ನೆಡಬೇಕು. ಅಷ್ಟು ಜಾಗ ಬಿಡಲು ಮನಸ್ಸಿಲ್ಲದವರು ಕಲ್ಲುಕಂಬಕ್ಕೇ ಹೋಗುವುದು ಒಳ್ಳೆಯದು.

ಕೊನೆಗೆ ಓದುಗರಲ್ಲಿ ಒಂದು ಬೇಡಿಕೆ. ಈ ಕಸುಬು ನಿಂತಿರುವುದೇ ಬಾಂದು ಕಲ್ಲುಗಳ ಮೇಲೆ, ಅವು ಈಗ ಜೆಸಿಬಿ ಹಲ್ಲಿಗೆ ಸಿಕ್ಕಿ ದಿನದಿನಕ್ಕೆ ಕಡಿಮೆಯಾಗುತ್ತಿವೆ. ತನ್ನ ಹಿಡುವಳಿಯ ಗಡಿಗುರುತನ್ನು ಕಾಯುವ ಹೊಣೆ ಹಿಡುವಳಿದಾರನದೇ ಎಂದು ಕರ್ನಾಟಕ ಭೂಕಂದಾಯ ಕಾಯ್ದೆ ಹೇಳುತ್ತದೆ, ಅದನ್ನು ಕಿತ್ತರೆ ದಂಡವೂ ಇದೆ. ನೆಲ ಮಟ್ಟ ಮಾಡಿಸುವ ಮುನ್ನ ನಿಮ್ಮ ಕಲ್ಲುಗಳು ಎಲ್ಲಿವೆ ಎಂದು ಹುಡುಕಿ, ಪಕ್ಕದಲ್ಲಿ ಎತ್ತರದ ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿ, ಯಂತ್ರ ಓಡಿಸುವವರಿಗೆ ಕರೆದು ತೋರಿಸಿ.